ನಿಧನವಾರ್ತೆಗೆ ಎರಡು ಬೀಗ

ಹೊಸ ಕಂಪ್ಯೂಟರಿಗೆ ಚುಚ್ಚಿ ಪಾಸ್‌ವರ್ಡ್ ಕೊಟ್ಟೊಡನೆ ಡಿಸ್ಕು ತೆರೆದುಕೊಂಡಿತು. ಕಡತಗಳ ಹೆಸರುಗಳೂ ಸಾಲಾಗಿ ಕಂಡವು. ಆದರೆ ಯಾವುದನ್ನು ಒತ್ತಿದರೂ ‘ಈ ಕಡತ ನೋಡಲು ನಿಮಗೆ ಅನುಮತಿ ಇಲ್ಲ’ ಎಂಬ ಒಂದೇ ಉತ್ತರ. ತಾನು ಬರೆದದ್ದನ್ನು ತಾನೇ ನೋಡಲು ಅನುಮತಿ ಇಲ್ಲವೆಂದರೆ ಬೇರೆ ಯಾರಿಗಾದರೂ ಮೈ ಉರಿಯುತ್ತಿತ್ತು. ಚಿತ್ರಗುಪ್ತನಿಗೆ ಮಾತ್ರ ಕೈಕಾಲು ತಣ್ಣಗಾದವು.

ಚಿತ್ರಗುಪ್ತ ಎಂಬುದು ಅವನಿಗೆ ಕಚೇರಿ ಇಟ್ಟ ಹೆಸರು. ಪತ್ರಿಕೆಯಲ್ಲಿ ನಿಧನವಾರ್ತೆಯ ಪುಟ ನೋಡಿಕೊಳ್ಳುವವನಿಗೆ ಇನ್ನೇನು ಹೆಸರಿಟ್ಟಾರು? ದೊಡ್ಡ ಮನುಷ್ಯರು ಹೇಳಿ ಕೇಳಿ ಸಾಯುವುದಿಲ್ಲ. ಪುಟ ಮುಗಿಸುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಬಿಡುತ್ತಾರೆ. ಅದಕ್ಕೇ ಅವರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಅವರ ನಿಧನವಾರ್ತೆ ಬರೆದಿಡುವುದು ಪತ್ರಿಕೆಗಳ ಪದ್ಧತಿ. ತಾರೀಕು, ಹೊತ್ತು, ಆಸ್ಪತ್ರೆ ಇಷ್ಟಕ್ಕೆ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ತಯಾರು. ಊರಿನ ಮಂತ್ರಿ, ನಟ, ವೈದ್ಯ, ವಿಜ್ಞಾನಿ, ಎಲ್ಲರನ್ನೂ ಅವನು ಒಬ್ಬೊಬ್ಬರಾಗಿ ಆ ಡಿಸ್ಕಿನೊಳಗೆ ಸಾಯಿಸಿಟ್ಟಿದ್ದ.

ಹನ್ನೊಂದು ವರ್ಷದ ಈ ಕೆಲಸ ಅವನನ್ನು ಬದುಕಿರುವವರ ಸಾಲಿನಿಂದ ಆಚೆ ತಳ್ಳಿತ್ತು. ಅವನು ಯಾರಿಗಾದರೂ ಫೋನ್ ಮಾಡಿ ‘ಆರೋಗ್ಯವೇ?’ ಎಂದರೆ ಆ ಕಡೆಯವರು ತಡಬಡಾಯಿಸುತ್ತಿದ್ದರು. ಒಮ್ಮೆ ಮಾವನವರ ಹುಟ್ಟಿದ ವರ್ಷ ಕೇಳಿದ್ದಕ್ಕೆ ಅವರು ಮಾರನೆಯ ದಿನವೇ ಹೋಗಿ ರಕ್ತ, ಮೂತ್ರ, ಎದೆ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಬರೆದದ್ದರ ಕೆಳಗೆ ಹೆಸರೂ ಬರುತ್ತಿರಲಿಲ್ಲ. ನಿಧನವಾರ್ತೆಗೆ ಬರೆದವರ ಹೆಸರು ಹಾಕುವುದಿಲ್ಲ. ಶಾಲೆಯಲ್ಲಿ ಟೀಚರ್ ‘ನಿಮ್ಮಪ್ಪ ಏನು ಬರೀತಾರೆ?’ ಎಂದಾಗ ಮಗಳು ‘ಯಾರಾದ್ರೂ ಸತ್ರೆ ಬರೀತಾರೆ’ ಎಂದಿದ್ದಳಂತೆ. ಅಂದು ಸಂಜೆಯಿಂದ ಅವನಿಗೆ ಅನ್ನ ರುಚಿಸಲಿಲ್ಲ.

ಹೇಗೋ ಕಾಡಿ ಬೇಡಿ ಬರುವ ಸೋಮವಾರದಿಂದ ಮಕ್ಕಳ ಪುಟಕ್ಕೆ ವರ್ಗ ಮಾಡಿಸಿಕೊಂಡಿದ್ದ. ಮೊದಲ ವಾರಕ್ಕೆ ಕತೆಯೂ ಸಿದ್ಧ: ಸೊಂಡಿಲು ಮನೆಯಲ್ಲೇ ಮರೆತು ಶಾಲೆಗೆ ಬಂದ ಆನೆಮರಿಯ ಕತೆ. ಕೆಳಗೆ ಅಪ್ಪನ ಹೆಸರು ಅಚ್ಚಾಗುತ್ತದೆಂದು ಮಗಳು ತರಗತಿಗೆಲ್ಲ ಸಾರಿಬಿಟ್ಟಿದ್ದಳು. ಸಂಪಾದಕರು ಹಾಕಿದ್ದು ಒಂದೇ ಷರತ್ತು. ‘ಡಿಸ್ಕನ್ನ ಹೊಸ ಹುಡುಗಿಗೆ ಒಪ್ಪಿಸಿ ಹೋಗು. ಒಂದೊಂದೂ ತೆರೀಬೇಕು, ಓದೋಕೆ ಬರಬೇಕು. ಇಲ್ಲಾಂದ್ರೆ ಅಷ್ಟೂ ಜನರನ್ನ ಮತ್ತೆ ಬರೆದುಕೊಟ್ಟು ಆಮೇಲೆ ಮಕ್ಕಳ ಪುಟಕ್ಕೆ ಹೋಗು.’

ಅಷ್ಟೂ ಜನರನ್ನು ಮತ್ತೆ ಬರೆದು ಮುಗಿಸುವ ಹೊತ್ತಿಗೆ ಮಗಳಿಗೆ ಮದುವೆಯ ವಯಸ್ಸಾಗಿರುತ್ತದೆ.

ಈಗ ಆ ಹೊಸ ಹುಡುಗಿ ಪಕ್ಕದಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದಳು. ಅವಳಿಗೂ ಈ ಪುಟ ಬೇಡವಾಗಿತ್ತು. ಬೆಳಿಗ್ಗೆಯಿಂದ ಮೂಗು ಒರೆಸಿಕೊಳ್ಳುತ್ತಲೇ ಇದ್ದಳು.

“ಸರ್, ಪಾಸ್‌ವರ್ಡ್ ತಪ್ಪಾಗಿದೆಯೇನೋ?”

“ಪಾಸ್‌ವರ್ಡ್ ತಪ್ಪಾಗಿದ್ರೆ ಡಿಸ್ಕೇ ತೆರೀತಿರ್ಲಿಲ್ಲ ಕಣಮ್ಮ. ಬಾಗಿಲು ತೆರೆದಿದೆ. ಒಳಗಿರೋರು ಮಾತಾಡ್ತಿಲ್ಲ, ಅಷ್ಟೆ.”

“ಒಳಗಿರೋರು ಹೇಗಯ್ಯಾ ಮಾತಾಡ್ತಾರೆ, ಸತ್ತೋಗಿದಾರಲ್ಲ!” ಎಂದು ಆಚೆಯ ಮೇಜಿನಿಂದ ಕತ್ತರಿಯವರು ನಕ್ಕರು. ಕತ್ತರಿ ಎಂದರೆ ಮುಖ್ಯ ಉಪಸಂಪಾದಕರು. ಯಾರ ಬರಹ ಸಿಕ್ಕರೂ ಅರ್ಧಕ್ಕೆ ಕತ್ತರಿಸದೆ ಬಿಟ್ಟವರಲ್ಲ. ಅವರು ಎದ್ದು ಬಂದು ಪರದೆಗೆ ಮುಖ ಹಚ್ಚಿ, “ತುಂಬಾ ಜನ ಆಗ್ಬಿಟ್ಟಿದಾರೆ ಕಣಯ್ಯಾ. ಅರ್ಧ ಅಳಿಸಿಹಾಕು, ಡಿಸ್ಕ್ ಹಗುರ ಆಗುತ್ತೆ” ಎಂದರು.

“ಹಗುರ ಆಗೋಕೆ ಅದೇನು ಹೊಟ್ಟೇನಾ ಸರ್?”

“ಹೇಳಿದ್ದು ಕೇಳು. ಎಲ್ಲಾ ಈ ಹೊಸ ವ್ಯವಸ್ಥೆಯ ಕಿತಾಪತಿ.”

ಅದು ಮಾತ್ರ ಪೂರ್ತಿ ಸುಳ್ಳಲ್ಲ. ಆ ವಾರವೇ ಆಡಳಿತದವರು ಖರ್ಚು ಉಳಿಸಲೆಂದು ಸಂಪಾದಕೀಯ ವಿಭಾಗದ ಹಳೆಯ ಕಂಪ್ಯೂಟರುಗಳನ್ನು ಎತ್ತಿಸಿ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ ಹಾಕಿದ ಹೊಸವನ್ನು ಕೂರಿಸಿದ್ದರು. ಪುಟವಿನ್ಯಾಸದವರ ಯಂತ್ರ ಮೊದಲಿಂದಲೂ ಬೇರೆ ಜಾತಿಯದು. ಜಾಹೀರಾತಿನವರು ಇನ್ನೂ ಹಳೆಯದರಲ್ಲೇ ಇದ್ದರು. ಒಂದೇ ಕಟ್ಟಡದಲ್ಲಿ ಮೂರು ಸಂಸಾರ, ಒಂದರ ಒಲೆಯ ಮೇಲೆ ಇನ್ನೊಂದರ ಪಾತ್ರೆ ಕೂರುತ್ತಿರಲಿಲ್ಲ. ಈ ಡಿಸ್ಕು ಒಂದು ಮಾತ್ರ ಮೂರೂ ಮನೆಗೆ ಹೋಗಿ ಬರಬಹುದಿತ್ತು.

ಅಷ್ಟರಲ್ಲಿ ಫೋನ್ ಬಂತು. ಕತ್ತರಿಯವರು ಎತ್ತಿ, “ಹೌದಾ… ಯಾವಾಗ… ಛೆ” ಎಂದು ಇಟ್ಟರು. ಇಟ್ಟವರು ಚಿತ್ರಗುಪ್ತನ ಕಡೆ ತಿರುಗಿ, “ನಾಟಕದಜ್ಜ ಹೋಗ್ಬಿಟ್ರಂತೆ. ಸಂಜೆ ಪುಟಕ್ಕೆ ದೊಡ್ಡದಾಗಿ ಬೇಕು. ನಿಂದು ರೆಡಿ ಇದೆಯಲ್ಲ?” ಎಂದರು.

ರೆಡಿ ಇತ್ತು, ಡಿಸ್ಕಿನೊಳಗೆ.

ಚಿತ್ರಗುಪ್ತ ಕುರ್ಚಿಯಲ್ಲಿ ಕುಸಿದ. ಡಿಸ್ಕಿನ ಚಿಂತೆಗಿಂತ ಮೊದಲು ಅವನಿಗೆ ನಿಜವಾದ ದುಃಖವಾಯಿತು. ಅರವತ್ತು ವರ್ಷ ರಂಗದ ಮೇಲೆ ನಿಂತಿದ್ದ ಆ ಮುದುಕನ ಮನೆಗೆ ಅವನು ಸಂದರ್ಶನದ ನೆಪ ಹೇಳಿ ಹೋಗಿದ್ದ. ಅಜ್ಜ ಬಾಗಿಲಲ್ಲೇ, ‘ಏನಪ್ಪಾ, ನನ್ನ ಸಾವಿನ ಸುದ್ದಿ ಬರೆಯೋಕೆ ಬಂದ್ಯಾ? ಬಾ ಬಾ, ಕೂತ್ಕೋ’ ಎಂದಿದ್ದ. ಬರೆದ ಮೇಲೆ, ‘ಅಚ್ಚಾದ ದಿನ ನಾನು ಓದೋಕಾಗಲ್ಲ, ಈಗಲೇ ಓದಿ ಹೇಳು’ ಎಂದು ಹಟ ಹಿಡಿದಿದ್ದ. ಪೂರ್ತಿ ಕೇಳಿ, ‘ಎಲ್ಲಾ ಸರಿ, ಆ ತುಂಬಲಾರದ ನಷ್ಟ ಅನ್ನೋದು ತೆಗಿ. ನನ್ನ ಪಾತ್ರ ತುಂಬೋಕೆ ಹುಡುಗ್ರು ಸಾಲಾಗಿ ನಿಂತವ್ರೆ’ ಎಂದಿದ್ದ. ತನ್ನ ಬರಹವನ್ನು ಎದುರಿಗೆ ಕೂತು ಕೇಳಿದ ಒಬ್ಬನೇ ಓದುಗ ಅವನು. ಈಗ ಅವನೂ ಇಲ್ಲ, ಬರೆದದ್ದೂ ಸಿಗುತ್ತಿಲ್ಲ.

“ಅಳೋದಿದ್ರೆ ಆಮೇಲೆ ಅತ್ಕೋ. ಮೊದಲು ವಿನ್ಯಾಸದಕ್ಕನ ಹತ್ರ ನಡಿ, ಅವಳ ಯಂತ್ರದಲ್ಲಿ ನೋಡೋಣ” ಎಂದು ಕತ್ತರಿಯವರು ಡಿಸ್ಕನ್ನು ಕಿತ್ತುಕೊಂಡು ಹೊರಟೇಬಿಟ್ಟರು.

ವಿನ್ಯಾಸದಕ್ಕ ಪುಟ ಕಟ್ಟುವವಳು. ಅವಳ ಕೋಣೆಯಲ್ಲಿ ಬೆಳಕು ಕಡಿಮೆ, ಮಾತು ಜಾಸ್ತಿ. “ಕೊಡಿ ಇಲ್ಲಿ, ನನ್ನ ಯಂತ್ರದಲ್ಲಿ ತೆರೀದೇ ಇರೋದು ಏನೂ ಇಲ್ಲ” ಎಂದು ಡಿಸ್ಕು ಚುಚ್ಚಿದಳು. ಪಾಸ್‌ವರ್ಡ್ ಹಾಕುವ ಮೊದಲೇ ಪರದೆಯ ಮೇಲೆ ಚೌಕವೊಂದು ಮೂಡಿತು: ‘ಈ ಡಿಸ್ಕನ್ನು ಓದಲಾಗುತ್ತಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಸಿದ್ಧಪಡಿಸಲೇ?’

“ನೋಡು, ಎಷ್ಟು ವಿನಯದಿಂದ ಕೇಳ್ತಿದೆ!” ಎನ್ನುತ್ತ ಕತ್ತರಿಯವರು ‘ಹೌದು’ ಎಂಬಲ್ಲಿಗೆ ಬೆರಳು ಒಯ್ದರು.

“ಅಯ್ಯಯ್ಯೋ, ಬೇಡಿ ಸರ್!” ಚಿತ್ರಗುಪ್ತ ಹಾರಿ ಅವರ ಮಣಿಕಟ್ಟು ಹಿಡಿದ. ಆ ಹಾರಾಟಕ್ಕೆ ಮೇಜಿನ ಮೇಲಿದ್ದ ಕಾಫಿ ಲೋಟ ಉರುಳಿ, ಅಷ್ಟೂ ಕಾಫಿ ಅವನ ಅಂಗಿಯ ಮೇಲೆ ಬಿತ್ತು. ಒಂದು ಬೆರಳಿನ ಒತ್ತಿನಲ್ಲಿ ಊರಿನ ಅಷ್ಟೂ ಗಣ್ಯರು ಹುಟ್ಟೇ ಇಲ್ಲವೆಂಬಂತಾಗುತ್ತಿದ್ದರು.

“ಎಂಥಾ ಮನುಷ್ಯನಯ್ಯಾ ನೀನು! ಸಹಾಯ ಮಾಡೋಕೆ ಬಂದ್ರೆ ಕೈ ತಿರುಚ್ತೀಯ” ಎಂದು ಕತ್ತರಿಯವರು ಮುನಿಸಿಕೊಂಡರು.

ಪಾಸ್‌ವರ್ಡ್ ಕೊಟ್ಟ ಮೇಲೆ ಅಲ್ಲಿಯೂ ಹೆಸರುಗಳು ಕಂಡವು. ಒತ್ತಿದರೆ ‘ಕಡತ ಹಾಳಾಗಿರಬಹುದು’ ಎಂದಿತು.

“ಹಾಳಾಗಿದೆಯಂತೆ” ಎಂದಳು ವಿನ್ಯಾಸದಕ್ಕ, ಜ್ವರ ಬಂದಿದೆಯಂತೆ ಎನ್ನುವಷ್ಟೇ ಸಲೀಸಾಗಿ. “ಹೋಗ್ಲಿ ಬಿಡಿ. ನಾನು ಅಜ್ಜನ ಫೋಟೋನೇ ಅರ್ಧ ಪುಟಕ್ಕೆ ಎಳೀತೀನಿ.”

ಹೊಸ ಹುಡುಗಿ ಓಡಿಹೋಗಿ ಕಂಪ್ಯೂಟರ್ ಡಾಕ್ಟರನ್ನು ಕರೆತಂದಳು. ಕಚೇರಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಈ ಮನುಷ್ಯ ಯಾವ ರೋಗಕ್ಕೂ ಮೊದಲು ರೋಗಿಯನ್ನೇ ಬೈಯುತ್ತಿದ್ದ. ಡಿಸ್ಕು ನೋಡಿ, ಕಾಫಿ ಅಂಗಿ ನೋಡಿ, ನಿಟ್ಟುಸಿರು ಬಿಟ್ಟ.

“ಇದರ ಮೇಲೆ ಏನು ಮಾಡಿದ್ರಿ?”

“ಏನೂ ಮಾಡಿಲ್ಲ.”

“ಎಲ್ಲಾರೂ ಅದೇ ಹೇಳೋದು. ಯಾವತ್ತಾದ್ರೂ ಫೋಲ್ಡರ್ ಮೇಲೆ ಒತ್ತಿ, ಸುರಕ್ಷತೆ ಅಂತ ಇರೋ ಚೌಕಕ್ಕೆ ಟಿಕ್ ಹಾಕಿದ್ರಾ?”

ಚಿತ್ರಗುಪ್ತ ಯೋಚಿಸಿದ. ಹಾಕಿದ್ದ. ಹಿಂದೊಮ್ಮೆ ಕಚೇರಿಯವರೇ ಯಾರೋ ಡಿಸ್ಕು ತೆರೆದು ನೋಡಿ, ಒಬ್ಬ ಮಾಜಿ ಮಂತ್ರಿಗೆ ‘ನಿಮ್ಮದು ಆಗಲೇ ಬರೆದಿದೆ’ ಎಂದು ಚಾಡಿ ಹೇಳಿದ್ದರು. ಮಂತ್ರಿ ಫೋನ್ ಮಾಡಿ, ನಾನಿನ್ನೂ ಹೋಗಿಲ್ಲ ಎಂದು ಕಿರುಚಾಡಿದ್ದರು. ಆ ಭಯಕ್ಕೆ, ಡಿಸ್ಕಿಗೆ ಒಂದು ಬೀಗ ಇದ್ದರೂ ಒಳಗೆ ಇನ್ನೊಂದಿರಲಿ ಎಂದು ಟಿಕ್ ಹಾಕಿದ್ದ.

“ಹಾಕಿದೀನಿ ಅನ್ಸುತ್ತೆ.”

“ಅದೇ ನಿಮ್ಮ ಶನಿ” ಎಂದ ಡಾಕ್ಟರು ಬಹಳ ತೃಪ್ತಿಯಿಂದ. “ಡಿಸ್ಕಿನ ಪಾಸ್‌ವರ್ಡ್ ಇದೆಯಲ್ಲ, ಅದು ಬೀದಿಬಾಗಿಲ ಬೀಗ. ನೀವು ಒಳಗಿನ ಬೀರುಗೂ ಬೀಗ ಹಾಕಿದೀರಿ. ಆ ಬೀಗದ ಕೈ ಡಿಸ್ಕಲ್ಲಿಲ್ಲ, ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿದೆ. ಅಲ್ಲಿ ನಿಮ್ಮ ಹೆಸರಲ್ಲಿ ಕೂತಷ್ಟು ದಿನ ತಾನೇ ತೆರ್ಕೊಳ್ತಿತ್ತು. ನಿಮಗೆ ಗೊತ್ತೂ ಆಗ್ತಿರ್ಲಿಲ್ಲ. ಬೇರೆ ಯಂತ್ರಕ್ಕೆ ತಂದ್ರೆ ಎಲ್ಲಿಂದ ತೆರೀಬೇಕು ಅದು?”

“ಹಳೇ ಕಂಪ್ಯೂಟರ್ ಎಲ್ಲಿದೆ?”

“ಕೆಳಗೆ. ಜಾಹೀರಾತು ಕೌಂಟರ್‌ನಲ್ಲಿ.”

ಇಡೀ ಮೆರವಣಿಗೆ ಮೆಟ್ಟಿಲು ಇಳಿಯಿತು. ಮುಂದೆ ಡಾಕ್ಟರು, ಹಿಂದೆ ಕಾಫಿ ವಾಸನೆಯ ಚಿತ್ರಗುಪ್ತ, ಅವನ ಹಿಂದೆ ಹೊಸ ಹುಡುಗಿ, ಮುನಿಸಿಕೊಂಡಿದ್ದರೂ ತಮಾಷೆ ತಪ್ಪಿಸಿಕೊಳ್ಳಲಾರದ ಕತ್ತರಿಯವರು. ಜಾಹೀರಾತು ಕೌಂಟರು ಗಾಜಿನ ಗೂಡು. ಮಾತಾಡಲು ಗಾಜಿನಲ್ಲಿ ಅಂಗೈಯಗಲದ ತೂತು. ಒಳಗೆ ಒಬ್ಬ ಗುಮಾಸ್ತ ಚಿತ್ರಗುಪ್ತನ ಹಳೆಯ ಕಂಪ್ಯೂಟರಿನಲ್ಲಿ ಶ್ರದ್ಧಾಂಜಲಿ ಜಾಹೀರಾತುಗಳನ್ನು ಬರೆದುಕೊಳ್ಳುತ್ತಿದ್ದ. ಪಾಪ, ಆ ಯಂತ್ರಕ್ಕೂ ಸಾವಿನಿಂದ ಬಿಡುಗಡೆಯಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಫೋಟೋ ಹಿಡಿದ ನಾಲ್ಕಾರು ಜನ ತಲೆ ತಗ್ಗಿಸಿ ಕೂತಿದ್ದರು.

“ಸ್ವಲ್ಪ ಏಳಪ್ಪಾ, ಐದು ನಿಮಿಷ” ಎಂದ ಡಾಕ್ಟರು.

“ಜನ ಕಾಯ್ತಿದಾರೆ ಸಾರ್, ದುಃಖದಲ್ಲಿದಾರೆ” ಎಂದ ಗುಮಾಸ್ತ.

“ಇವರೂ ದುಃಖದಲ್ಲೇ ಇರೋದು, ಮುಖ ನೋಡು.”

ಗುಮಾಸ್ತ ನೋಡಿದ, ಎದ್ದ. ಗೂಡಿನೊಳಗೆ ಒಬ್ಬರಿಗೇ ಜಾಗ; ಡಾಕ್ಟರು ಒಳಗೆ ಹೋಗಿ ಕೂತ. ಮಿಕ್ಕವರೆಲ್ಲ ಗಾಜಿನ ಆಚೆ. ಅವನು ಡಿಸ್ಕು ಚುಚ್ಚಿ, ಅದು ಇದು ಒತ್ತಿ, ತೂತಿಗೆ ಬಾಯಿಟ್ಟು ಹೇಳಿದ: “ಒಂದು ಸಣ್ಣ ತೊಂದ್ರೆ ಆಗಿದೆ. ಈ ಯಂತ್ರ ಕೆಳಗೆ ತರುವಾಗ ನಾನು ಇದಕ್ಕೆ ನೀವಿಟ್ಟಿದ್ದ ಪಾಸ್‌ವರ್ಡ್ ಒದ್ದು ತೆಗೆದು ಬೇರೆ ಕೂರಿಸಿದೆ. ಹಾಗೆ ಮಾಡಿದ್ರೆ ಬೀರು ಕೀಲಿಕೈ ಮುಷ್ಕರ ಹೂಡುತ್ತೆ. ಹಳೇ ಪಾಸ್‌ವರ್ಡ್ ಮತ್ತೆ ಕೂರಿಸಿದ್ರೆ ಸರಿಹೋಗುತ್ತೆ. ಏನಿತ್ತು ಹೇಳಿ.”

ಚಿತ್ರಗುಪ್ತನ ಮುಖ ಕಪ್ಪಿಟ್ಟಿತು. “ನಾನೇ ಒಳಗೆ ಬಂದು ಹಾಕ್ತೀನಿ.”

“ನನ್ನ ಕೀಲಿಮಣೆ ಯಾರೂ ಮುಟ್ಟಬಾರದು. ಹೇಳ್ರೀ.”

ಅವನು ತೂತಿಗೆ ಬಾಯಿಟ್ಟು ಪಿಸುಗುಟ್ಟಿದ.

“ಕೇಳ್ಸಲ್ಲ. ಜೋರಾಗಿ.”

ಮತ್ತೆ ಪಿಸುಗುಟ್ಟಿದ.

“ಏನ್ರೀ ಮದುವೆ ಹುಡುಗಿ ಥರ! ಒಂದಕ್ಷರ ತಪ್ಪಿದ್ರೂ ಹೋಯ್ತು ನಿಮ್ಮ ಬೀರು. ಗಟ್ಟಿಯಾಗಿ ಹೇಳಿ!”

ಮಗಳ ಮುಖ ಕಣ್ಣಮುಂದೆ ಬಂತು. ಚಿತ್ರಗುಪ್ತ ಎಲ್ಲ ಮಾನ ಮರ್ಯಾದೆ ಗಂಟುಕಟ್ಟಿ ಒತ್ತಟ್ಟಿಗಿಟ್ಟು ಕೂಗಿದ: “ಮುಂದೆ ಯಾರು!”

ಹೌದು, ಅದೇ ಅವನ ಪಾಸ್‌ವರ್ಡ್. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವಾಗ ಅವನ ಮನಸ್ಸಿನಲ್ಲಿ ಮೊದಲು ಬರುತ್ತಿದ್ದುದು ಅದೇ.

ಬೆಂಚಿನ ಮೇಲಿದ್ದ ಒಬ್ಬ ಹಿರಿಯರು ಫೋಟೋ ಎದೆಗವಚಿಕೊಂಡು ಥಟ್ಟನೆ ಎದ್ದು ನಿಂತು, “ನಾನು ಸ್ವಾಮಿ” ಎಂದರು.

ಚಿತ್ರಗುಪ್ತನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅವರ ಕೈ ಹಿಡಿದು ಕೂರಿಸಿ, “ನೀವಲ್ಲ ಯಜಮಾನ್ರೇ, ನೀವು ನೂರು ಕಾಲ ಬಾಳಿ” ಎಂದ. ಅವರು ಏನೂ ಅರ್ಥವಾಗದೆ ಅವನ ತಲೆ ಸವರಿ, “ನಿಮ್ಮನೇಲೂ ಯಾರಾದ್ರೂ ಹೋದ್ರಾ?” ಎಂದು ಕೇಳಿದರು. ನಾಟಕದಜ್ಜ ಅವನ ಮನೆಯವನಲ್ಲ. ಆದರೂ ಹೌದು ಎಂದು ತಲೆಯಾಡಿಸಿದ.

“ತೆರೀತು!” ಎಂದು ಗಾಜಿನೊಳಗಿಂದ ಕೂಗು ಬಂತು.

ಡಾಕ್ಟರು ಆ ಟಿಕ್ಕನ್ನು ತೆಗೆದುಹಾಕಿ, ಒಳಬೀಗವೇ ಇಲ್ಲದಂತೆ ಮಾಡಿ, ಡಿಸ್ಕನ್ನು ಗಾಜಿನ ತೂತಿನಿಂದ ಆಚೆ ತಳ್ಳಿದ. “ಇನ್ಮೇಲೆ ಎಲ್ಲಿ ಬೇಕಾದ್ರೂ ತೆರೀರಿ. ಚೌಕ ಕಂಡಲ್ಲೆಲ್ಲಾ ಟಿಕ್ ಹಾಕ್ಬೇಡಿ, ಅದೇನು ಪರೀಕ್ಷೆ ಪತ್ರಿಕೆ ಅಲ್ಲ.”

ಮೇಲೆ ಬಂದು ಹೊಸ ಯಂತ್ರಕ್ಕೆ ಚುಚ್ಚಿದಾಗ ನಾಟಕದಜ್ಜನ ಕಡತ ಹೂವರಳಿದಂತೆ ತೆರೆಯಿತು. ಚಿತ್ರಗುಪ್ತ ತಾರೀಕು, ಹೊತ್ತು ತುಂಬಿದ. ಕತ್ತರಿಯವರು ಓದಿದರು. ಓದುತ್ತ ಅವರ ಕೈ ಎರಡು ಮೂರು ಸಲ ಅಳಿಸುವ ಕೀಲಿಯ ಹತ್ತಿರ ಹೋಗಿ ಹಿಂದಕ್ಕೆ ಬಂತು. ಕೊನೆಗೆ ಒಂದಕ್ಷರವನ್ನೂ ಕತ್ತರಿಸದೆ ಪುಟಕ್ಕೆ ಕಳಿಸಿದರು. ಆ ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಯಾರಿಗೂ ಸಂದಿರಲಿಲ್ಲ.

ಸಂಪಾದಕರು ತಮ್ಮ ಕೋಣೆಯಿಂದ ಆಚೆ ಬಂದರು. “ಏನಯ್ಯಾ, ಡಿಸ್ಕ್ ಓದೋಕೆ ಬರ್ತಿದೆಯಂತೆ?”

“ಬರ್ತಿದೆ ಸರ್. ಎಲ್ಲವೂ.”

“ಹಾಗಾದ್ರೆ ಆಯ್ತು. ಸೋಮವಾರದಿಂದ ಮಕ್ಕಳ ಪುಟ. ಹೋಗಿ ನಗು ಕಲ್ತ್ಕೊಂಡು ಬಾ.”

ಚಿತ್ರಗುಪ್ತ ಅಲ್ಲೇ ನಗಲು ಶುರುಮಾಡಿದ. ಅಭ್ಯಾಸ ತಪ್ಪಿದ್ದರಿಂದ ಹಲ್ಲುನೋವಿನವನಂತೆ ಕಂಡ. ಹೆಂಡತಿಗೆ ಫೋನ್ ಮಾಡಿ ಆನೆ ಕತೆ ಖಾತ್ರಿ ಎಂದ. ಆ ಕಡೆಯಿಂದ ಮಗಳ ಕಿರುಚಾಟ ಕೇಳಿಸಿತು.

ಅದೇ ಹೊತ್ತಿಗೆ ಹೊಸ ಹುಡುಗಿ, ಒಪ್ಪಿಸಿಕೊಳ್ಳುವ ಮೊದಲು ಒಂದೊಂದನ್ನೂ ತೆರೆದು ನೋಡಬೇಕಲ್ಲ ಎಂದು ಪ್ರಾಮಾಣಿಕವಾಗಿ ತೆರೆಯುತ್ತ ಬಂದಿದ್ದಳು. ಒಂದು ಕಡತದ ಮುಂದೆ “ಅಯ್ಯೋ!” ಎಂದು ಬಾಯಿ ಮುಚ್ಚಿಕೊಂಡಳು.

“ಏನಮ್ಮ?” ಎಂದರು ಹಿಂದೆಯೇ ನಿಂತಿದ್ದ ಸಂಪಾದಕರು.

“ಏನಿಲ್ಲ ಸರ್.”

“ಏನಿಲ್ಲದೆ ಅಯ್ಯೋ ಅಂತಾರಾ? ಸರಿ ಆ ಕಡೆ.”

ಪರದೆಯ ಮೇಲಿದ್ದದ್ದು ಸಂಪಾದಕರದೇ ನಿಧನವಾರ್ತೆ.

ಚಿತ್ರಗುಪ್ತನ ಕೈಯಿಂದ ಫೋನ್ ಜಾರಿತು. ಆ ಕಡತ ಅವನಿಗೆ ಮರೆತೇ ಹೋಗಿತ್ತು. ಮಗಳ ಹುಟ್ಟುಹಬ್ಬಕ್ಕೆ ರಜ ಕೇಳಿ, ಸಂಪಾದಕರು ಇಲ್ಲವೆಂದ ದಿನ, ಸಿಟ್ಟಿಗೆ ಅವರನ್ನು ಕಾಗದದ ಮೇಲಾದರೂ ಕಳಿಸಿಬಿಡೋಣವೆಂದು ಕೂತಿದ್ದ. ಜಿಪುಣ, ಸಿಡುಕ, ಕಲ್ಲೆದೆಯವ ಎಂದೆಲ್ಲ ಬರೆಯಬೇಕೆಂದಿದ್ದ. ಆದರೆ ಅಷ್ಟು ವರ್ಷದ ಅಭ್ಯಾಸ. ತೀರಿಕೊಂಡವರ ಬಗ್ಗೆ ಕೆಟ್ಟದ್ದು ಬರೆಯಲು ಕೈ ಬಗ್ಗಲೇ ಇಲ್ಲ. ಒಳ್ಳೆಯದೇ ಬಂತು, ಅದೂ ಚೆನ್ನಾಗಿ ಬಂತು.

ಸಂಪಾದಕರು ಅದನ್ನು ಮುದ್ರಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕತ್ತರಿಯವರು ಸದ್ದಿಲ್ಲದೆ ತಮ್ಮ ಮೇಜಿಗೆ ಜಾರಿದರು. ವಿನ್ಯಾಸದಕ್ಕ ಬಾಗಿಲಲ್ಲಿ ಇಣುಕಿ, “ನಿಮ್ದೂ ಒಂದು ಬರೆದಿಟ್ಕೊಂಡಿದೀರಾ?” ಎಂದು ಮೆಲ್ಲಗೆ ಕೇಳಿ ಹೋದಳು.

ಸ್ವಲ್ಪ ಹೊತ್ತಿಗೆ ಕರೆ ಬಂತು. ಕೆಲಸ ಹೋಯಿತೆಂದೇ ಲೆಕ್ಕ ಹಾಕಿಕೊಂಡು ಚಿತ್ರಗುಪ್ತ ಒಳಗೆ ಹೋದ. ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಕೂತ್ಕೋ. ನನ್ನ ಹೆಂಡ್ತಿ ಮಕ್ಕಳಿಗೂ ನನ್ನ ಬಗ್ಗೆ ಇಷ್ಟು ಗೊತ್ತಿಲ್ಲ ಕಣಯ್ಯಾ. ‘ಒರಟು ಮಾತಿನ ಹಿಂದೆ ಅಕ್ಷರದ ಬಗ್ಗೆ ತಾಯಿಯಂಥ ಮಮತೆ’… ಎಲ್ಲಿಂದ ತಂದೆ ಇದನ್ನ?”

“ತಪ್ಪಾಯ್ತು ಸರ್.”

“ತಪ್ಪೇನಲ್ಲ. ಅಜ್ಜನದೂ ಓದಿದೆ. ನಿನ್ನ ಹಾಗೆ ಬೀಳ್ಕೊಡೋರು ಯಾರೂ ಇಲ್ಲ.” ಅವರು ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. “ಇದನ್ನ ಆ ಹುಡುಗಿ ಕೈಗೆ ಕೊಟ್ರೆ ಕೆಡಿಸಿಬಿಡ್ತಾಳೆ. ಮಕ್ಕಳ ಪುಟ ಅವಳು ನೋಡ್ಕೊಳ್ಳಲಿ. ನೀನು ಇಲ್ಲೇ ಇರು.”

“ಸರ್… ಎಲ್ಲೀವರೆಗೆ?”

“ಇದು ಅಚ್ಚಾಗೋವರೆಗೆ.”

ಬೇಗ ಅಚ್ಚಾಗಲಿ ಎನ್ನುವಂತಿಲ್ಲ, ತಡವಾಗಲಿ ಎನ್ನಲು ನಾಲಿಗೆ ಹೊರಳುತ್ತಿಲ್ಲ. ಚಿತ್ರಗುಪ್ತ ಕೈಮುಗಿದು ಎದ್ದ. ಆಚೆ ಹೊಸ ಹುಡುಗಿ ಸುದ್ದಿ ಕೇಳಿ ಮೂಗು ಒರೆಸುವುದನ್ನು ನಿಲ್ಲಿಸಿ, “ನಿಮ್ಮ ಹತ್ರ ಯಾವ್ದೋ ಆನೆ ಕತೆ ಇದೆಯಂತಲ್ಲ ಸರ್?” ಎಂದು ಕೇಳುತ್ತಿದ್ದಳು. ನೆಲದ ಮೇಲೆ ಬಿದ್ದಿದ್ದ ಫೋನಿನೊಳಗೆ ಮಗಳು ಇನ್ನೂ “ಅಪ್ಪಾ, ಅಪ್ಪಾ” ಎನ್ನುತ್ತಿದ್ದಳು. ಅವನು ಎತ್ತಿಕೊಂಡು, “ಇನ್ನೂ ಸ್ವಲ್ಪ ದಿನ ಆಗುತ್ತೆ ಪುಟ್ಟಾ” ಎಂದ. ಎಷ್ಟು ದಿನ ಎಂದು ಅವಳು ಕೇಳಿದಳು.

ಸಂಪಾದಕರ ಕೋಣೆಯ ಬಾಗಿಲು ಮತ್ತೆ ತೆರೆಯಿತು.

“ಏನಯ್ಯಾ, ಅದರಲ್ಲಿ ಒಂದು ತಿದ್ದುಪಡಿ ಇದೆ. ಆರೋಗ್ಯದ ಬಗ್ಗೆ ಏನೂ ಬರೆದಿಲ್ಲ ನೀನು. ಮೊನ್ನೆ ಆಸ್ಪತ್ರೇಲಿ ಪರೀಕ್ಷೆ ಮಾಡಿಸ್ದೆ. ನನ್ನ ಹೃದಯ ಮೂವತ್ತರ ಹುಡುಗನ ಥರ ಇದೆಯಂತೆ, ಡಾಕ್ಟರೇ ಬೆರಗಾದ್ರು. ನಮ್ಮ ತಂದೆ ತಾತ ಎಲ್ಲಾ ನೂರು ಮುಟ್ಟಿದೋರು. ಅದನ್ನೂ ಸೇರಿಸು.”

ಚಿತ್ರಗುಪ್ತ ಕುರ್ಚಿ ಎಳೆದುಕೊಂಡು ಕೂತು, ಕಡತ ತೆರೆದು, ಅದನ್ನೂ ಸೇರಿಸಿದ.